ನಾನು ಬಿಟ್ಟು ಓದಿದ ಇಲಿಗಳು

ನಮ್ಮ ಊಟದ ಮೇಜಿಗೆ ನಾಲ್ಕು ಗಂಟೆಯ ಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ನುಸುಳಿಕೊಂಡು ಬರುತ್ತದೆ. ನಿಪ್ಪಟ್ಟಿನ ತಟ್ಟೆ, ಮೂರು ಕಾಫಿ ಲೋಟ, ನನ್ನ ಕನ್ನಡಕದ ಡಬ್ಬಿ, ಎಲ್ಲವನ್ನೂ ಒಂದು ಸುತ್ತು ವಿಚಾರಿಸಿಕೊಂಡು, ಕೊನೆಗೆ ನೆಂಟರಂತೆ ನನ್ನ ಮೊಬೈಲಿನ ಗಾಜಿನ ಮೇಲೆ ಕೂತುಬಿಡುತ್ತದೆ. ಆಗ ನನಗೆ ಒಂದಕ್ಷರವೂ ಕಾಣುವುದಿಲ್ಲ. ಕುರ್ಚಿ ತಿರುಗಿಸಿ ಬಿಸಿಲಿಗೆ ಬೆನ್ನು ಮಾಡುತ್ತೇನೆ, ಗಂಟಲು ಸರಿಮಾಡಿಕೊಳ್ಳುತ್ತೇನೆ. ಬಸವನಗುಡಿಯ ಈ ಮೂರನೆಯ ಮಹಡಿಯಲ್ಲಿ ನಮ್ಮ ಡೈಲಿ ರೀಡಿಂಗ್ ಶುರುವಾಗುವುದು ಹೀಗೆ.

ಕೇಳುವವರು ಇಬ್ಬರು. ಒಬ್ಬಳು ನನ್ನ ನಾದಿನಿ ವಿಶಾಲು, ನಮ್ಮ ಯಜಮಾನರ ತಂಗಿ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಹೊಲಿಗೆ ಟೀಚರಾಗಿದ್ದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಬೆಂದವರು. ಇನ್ನೊಬ್ಬರು ಕೆಳಗಿನ ಮನೆಯ ಗೌರಮ್ಮ. ಬಳೇಪೇಟೆಯಲ್ಲಿ ತಲೆತಲಾಂತರದಿಂದ ಬಳೆ ವ್ಯಾಪಾರ ಮಾಡಿದ ಮನೆಯ ಸೊಸೆ, ಹಣೆಯ ಮೇಲೆ ಮೂರೆಳೆ ವಿಭೂತಿ, ನಾಲಿಗೆಯ ಮೇಲೆ ಸದಾ ಒಂದು ಕೀಟಲೆ. ನನ್ನನ್ನು ಅವರು ಕರೆಯುವುದು ‘ಕಾನ್ವೆಂಟಮ್ಮ’ ಎಂದು. ಇಬ್ಬರಿಗೂ ಇಂಗ್ಲಿಷಿನ ಬೋರ್ಡು, ಬಸ್ಸಿನ ಹೆಸರು ಓದಲು ಬರುತ್ತದೆ, ಆದರೆ ಪುಟಗಟ್ಟಲೆ ಓದುವ ಅಭ್ಯಾಸವಿಲ್ಲ. ಆದ್ದರಿಂದ ಅವರ ಮೊಬೈಲಿಗೆ ಬರುವ ಆರೋಗ್ಯದ, ವಿಜ್ಞಾನದ ಇಂಗ್ಲಿಷ್ ಲೇಖನಗಳೆಲ್ಲ ನನ್ನ ಕೈಗೆ ಬರುತ್ತವೆ. ನಾನು ಇಂಗ್ಲಿಷನ್ನು ಕಣ್ಣಲ್ಲಿ ಓದುತ್ತಾ ಬಾಯಲ್ಲಿ ಕನ್ನಡ ಹೇಳುತ್ತೇನೆ. ‘ನಿಜಾನಾ ಅತ್ತಿಗೆ?’ ಎಂದು ವಿಶಾಲು ಕೇಳುತ್ತಾಳೆ. ನಾನು ಜಡ್ಜ್‌ಮೆಂಟ್ ಕೊಡುತ್ತೇನೆ.

ಈ ವಿದ್ಯೆ ನನಗೆ ಅತ್ತೆಯವರ ಕಾಲದಿಂದ ಬಂದದ್ದು. ‘ಇಂಗ್ಲಿಷ್ ಬರುತ್ತಂತಲ್ಲ ಹುಡುಗೀಗೆ, ಪೇಪರ್ ಓದಲಿ’ ಎಂದು ಮದುವೆಯಾದ ಮೊದಲ ವಾರವೇ ಅವರು ಅವರೆಕಾಯಿಯ ಮೊರ ಮುಂದಿಟ್ಟುಕೊಂಡು ಕೂತಿದ್ದರು. ನಾನು ಓದಿದೆ. ಕೊಲೆ ಬಂದರೆ ಬಿಟ್ಟೆ, ಡೈವೋರ್ಸ್ ಬಂದರೆ ಬಿಟ್ಟೆ, ಊಟದ ಹೊತ್ತಿಗೆ ಹತ್ತಿರವಾಗಿದ್ದರೆ ಕಾಲರಾವನ್ನೂ ಬಿಟ್ಟೆ. ಬಿಡುವುದು ಸುಳ್ಳು ಹೇಳಿದಂತೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ; ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದೇನೆ, ಹಿರಿಯರ ಬಾಯಿಗೆ ಸಿಗದಿರಲಿ ಎಂದಷ್ಟೇ ಅಂದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದೂ ಅದನ್ನೇ ಅಲ್ಲವೇ? ಅಹಿತವಾದದ್ದನ್ನು ಟೇಬಲ್ಲಿನ ಮೇಲೆ ತರಬಾರದು. ಗುಡ್ ಮ್ಯಾನರ್ಸ್ ಎಂದರೆ ಅರ್ಧ ಮಾತನ್ನು ನುಂಗುವುದು.

ಲೇಖನಗಳನ್ನು ತೂಗುವುದಕ್ಕೂ ನನ್ನ ಹತ್ತಿರ ನನ್ನದೇ ಒಂದು ತಕ್ಕಡಿ ಇತ್ತು. ಕೆಂಪಕ್ಷರ ಬಳಿದುಕೊಂಡು, ‘ಹನ್ನೊಂದು ಜನಕ್ಕೆ ಕಳಿಸಿ’ ಎಂದು ಗದರಿಸುವ ಫಾರ್ವರ್ಡುಗಳನ್ನು ನಾನು ಮೂಗು ಮುರಿದು ಆಚೆಗೆ ತಳ್ಳುತ್ತಿದ್ದೆ. ಆದರೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಯೂನಿಫಾರ್ಮ್ ಇಸ್ತ್ರಿ ಮಾಡಿಸಿಕೊಂಡು ಬಂದ ಹುಡುಗಿಯಂತೆ ಲಕ್ಷಣವಾಗಿ ನಿಂತ ಇಂಗ್ಲಿಷ್ ಲೇಖನ ಕಂಡರೆ ನನ್ನ ಮನಸ್ಸು ಕರಗಿಬಿಡುತ್ತಿತ್ತು. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದು, ಪಕ್ಕದಲ್ಲಿ ಮೈಕ್ರೋಸ್ಕೋಪಿನ ಫೋಟೋ ಇದ್ದು, ಕೆಳಗೆ ಇರುವೆಸಾಲಿನಂತೆ ಸಣ್ಣಕ್ಷರದ ಟಿಪ್ಪಣಿಗಳಿದ್ದರಂತೂ ಸರಿಯೇ ಸರಿ. ಆ ಇರುವೆಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಹಿಂಬಾಲಿಸಿದವಳಲ್ಲ. ಸಾಲಾಗಿ ಹೋಗುತ್ತಿವೆ, ಅಂದಮೇಲೆ ಅಲ್ಲೆಲ್ಲೋ ಸಕ್ಕರೆ ಇರಲೇಬೇಕು ಎಂಬ ನಂಬಿಕೆ.

ಹಾಗೆ ಲಕ್ಷಣವಾಗಿ ಬಂದ ಲೇಖನವೊಂದು ಒಂದು ಬೀಜದ ಮಹಿಮೆಯನ್ನು ಹೇಳುತ್ತಿತ್ತು. ಆ ಬೀಜದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಇಷ್ಟೆಲ್ಲ ಓದಿದ ಮೇಲೂ, ನಿಮ್ಮಲ್ಲಿ ಒಬ್ಬರಾದರೂ ನಾಳೆ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಕಾಲು ಕಿಲೋ ಕಟ್ಟಿಸಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಅದರ ಕಷಾಯದಿಂದ ರಕ್ತದೊತ್ತಡ ತಾನಾಗಿ ಇಳಿಯುತ್ತದೆ ಎಂದು ತಲೆಬರಹ. ನಾನು ಓದುತ್ತಾ ಹೋದೆ. ಆರನೆಯ ಪ್ಯಾರಾದಲ್ಲಿ ‘ಇನ್ ಮೈಸ್’ ಎಂದಿತ್ತು, ಇಲಿಗಳಲ್ಲಿ. ವಿಶಾಲುವಿನ ಕೈಯಲ್ಲಿ ಆಗತಾನೆ ಮುರಿದ ನಿಪ್ಪಟ್ಟು. ತಿನ್ನುವಾಗ ಇಲಿಯ ಹೆಸರೆತ್ತಿದರೆ ಅವಳು ತಟ್ಟೆ ಸರಿಸಿ ಎದ್ದುಬಿಡುತ್ತಾಳೆ. ನಾನು ಕಣ್ಣನ್ನು ಒಂದು ಸಾಲು ಕೆಳಗಿಳಿಸಿದೆ. ಅಷ್ಟೇ. ಒಂದು ಸಾಲು.

ಇಲಿಗಳ ಜೊತೆಗೆ ಇನ್ನಷ್ಟು ಹೋದವು ಎಂದು ಆಮೇಲೆ ತಿಳಿಯಿತು. ಲೇಖನದಲ್ಲಿದ್ದ ‘ಮೇ’, ‘ಮೈಟ್’, ‘ಪರ್ಹ್ಯಾಪ್ಸ್’ ಎಂಬ ‘ಬಹುದು’ಗಳೆಲ್ಲ ನನ್ನ ಬಾಯಲ್ಲಿ ‘ಆಗುತ್ತೆ’, ‘ಇಳಿಯುತ್ತೆ’ ಎಂದಾಗಿದ್ದವು. ಕನ್ನಡದಲ್ಲಿ ‘ಅಂತೆ’ ಎಂಬ ವಿನಯವಂತ ಮಾತೊಂದಿದೆ, ನಾನು ಕಣ್ಣಾರೆ ಕಂಡಿಲ್ಲ ಎಂದು ಮೊದಲೇ ಒಪ್ಪಿಕೊಳ್ಳುವ ಮಾತು. ಗೌರಮ್ಮನವರ ಬಾಯಲ್ಲಿ ಅದು ಉಸಿರಿಗೊಮ್ಮೆ ಬರುತ್ತದೆ. ಎಲಕ್ಯೂಷನ್ ಕ್ಲಾಸಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಡೆಯ ಬೆಂಚಿನವರಿಗೂ ಕೇಳುವಂತೆ ಓದುವುದನ್ನು ಕಲಿತ ನನಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ.

‘ನಿಜಾನಾ ಅತ್ತಿಗೆ?’ ಎಂದಳು ವಿಶಾಲು.

‘ಸೌಂಡ್ಸ್ ವೆರಿ ಸೆನ್ಸಿಬಲ್’ ಎಂದೆ ನಾನು.

ಮೂರು ವಾರದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತಿದ್ದೆವು. ಹೂವಿನ ಲಕ್ಷ್ಮಮ್ಮ ಸೇವಂತಿಗೆಯ ಮಾರನ್ನು ಮೊಳಕೈಯಿಂದ ಅಳೆಯುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ವಿಶಾಲು ‘ಅತ್ತಿಗೆ, ಯಾಕೋ ರಸ್ತೆ ಓರೆಯಾಗ್ತಿದೆ’ ಎಂದು ನನ್ನ ಭುಜ ಹಿಡಿದವಳು ಹಾಗೇ ಕುಸಿಯತೊಡಗಿದಳು. ಲಕ್ಷ್ಮಮ್ಮ ಹೂ ಬಿಸಾಡಿ ಬಂದು, ಅವಳನ್ನು ತನ್ನ ಗೋಣಿಚೀಲದ ಮೇಲೆ ಕೂರಿಸಿ, ಹೂವಿಗೆ ಚಿಮುಕಿಸುವ ನೀರನ್ನೇ ಮುಖಕ್ಕೆ ಚಿಮುಕಿಸಿದಳು. ‘ಮೊದ್ಲು ಡಾಕ್ಟ್ರ ಹತ್ರ ನಡೀರಮ್ಮ, ಹೂವು ಎಲ್ಲೂ ಓಡೋಗಲ್ಲ’ ಎಂದು ಅವಳೇ ಆಟೋ ಕೂಗಿದಳು.

ನಮ್ಮ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ತುಂಬಿ ನೋಡಿದರು.

‘ಇಷ್ಟೊಂದು ಜಾಸ್ತಿ ಯಾಕಾಯ್ತಮ್ಮ? ಬಿ.ಪಿ. ಮಾತ್ರೆ ತೊಗೋತಿದೀರಿ ತಾನೆ?’

ವಿಶಾಲು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ‘ಮರೆತುಬಿಡ್ತೀನಿ ಡಾಕ್ಟ್ರೇ. ವಯಸ್ಸಾಯ್ತಲ್ಲ.’

‘ಮರೀಬೇಡಿ. ಇವತ್ತು ಊಟ ಆದ್ಮೇಲೆ ಶುರು ಮಾಡಿ. ನಾಲ್ಕು ದಿನ ಬಿಟ್ಟು ನೋಡ್ತೀನಿ.’

ಮರೆಯುವವಳಲ್ಲ ವಿಶಾಲು. ಯಾವ ವರ್ಷ ಯಾವ ಹುಡುಗಿಯ ಲಂಗಕ್ಕೆ ಎಷ್ಟು ನೆರಿಗೆ ಹಿಡಿಸಿದ್ದೆ ಎಂಬುದನ್ನು ಹೇಳಬಲ್ಲವಳು. ಮನೆಗೆ ಬರುವ ಆಟೋದಲ್ಲಿ ಕೇಳಿದೆ. ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಮೆಲ್ಲಗೆ ಹೇಳಿದಳು: ‘ಮೂರು ವಾರದಿಂದ ತೊಗೊಂಡಿಲ್ಲ. ಕಷಾಯ ಕುಡೀತಿದೀನಿ. ನೀವೇ ಓದಿದ್ರಲ್ಲ.’

ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

‘ಹಾಗಾದರೆ ಡಾಕ್ಟರ ಹತ್ತಿರ ಮರೆತೆ ಅಂತ ಯಾಕೆ ಹೇಳಿದೆ?’

‘ಅತ್ತಿಗೆ ಓದಿದ್ದನ್ನ ಕೇಳಿ ಬಿಟ್ಟೆ ಅನ್ಲಾ? ನಿಮ್ಮನ್ನ ಅವರು ಎಷ್ಟು ಗೌರವವಾಗಿ ಮೇಡಂ ಅಂತಾರೆ.’

ಊಟವಾಯಿತು. ಔಷಧಿ ಅಂಗಡಿಯವನು ಈ ಸಲ ಮಾತ್ರೆಯ ಬಿಡಿ ಸ್ಟ್ರಿಪ್ ಕೊಡದೆ ಪೂರ್ತಿ ಡಬ್ಬಿಯನ್ನೇ ಕೊಟ್ಟಿದ್ದ. ಅದು ಮೇಜಿನ ಮೇಲೆ ಸೀಲು ಸಮೇತ ಹಾಗೇ ಇತ್ತು. ‘ಆಮೇಲೆ ತೊಗೋತೀನಿ’ ಎಂದು ಹೋಗಿ ಮಲಗಿದಳು. ನನಗೆ ಅವಳ ‘ಆಮೇಲೆ’ಯ ಅರ್ಥ ಗೊತ್ತು. ಡಾಕ್ಟರಿಗಿಂತ ಅವಳು ನನ್ನನ್ನು ಜಾಸ್ತಿ ನಂಬಿದ್ದಳು. ಅವಳು ಆ ಮಾತ್ರೆ ನುಂಗಬೇಕಾದರೆ ನನ್ನ ಮೇಲಿನ ನಂಬಿಕೆಯನ್ನು ನಾನೇ ಒಡೆಯಬೇಕಿತ್ತು. ಒಡೆದ ಮೇಲೆ ಅವಳು ಇನ್ನು ಯಾರ ಮಾತು ಕೇಳುತ್ತಾಳೋ, ಕೇಳುತ್ತಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

ಅವಳು ಮಲಗಿದ್ದಾಗ ಆ ಲೇಖನವನ್ನು ಮತ್ತೆ ತೆಗೆದೆ. ಸ್ನೇಹಿತರೇ, ಅಪರಾಧಿ ತಪ್ಪು ಮಾಡಿದ ಜಾಗಕ್ಕೇ ಮರಳಿ ಬಂದಂತೆ ನಾನು ಆರನೆಯ ಪ್ಯಾರಾಕ್ಕೆ ಬಂದೆ. ಇಲಿಗಳು ಅಲ್ಲೇ ಇದ್ದವು. ‘ಮನುಷ್ಯರಲ್ಲಿ ಇನ್ನೂ ನೋಡಬೇಕಿದೆ’ ಎಂಬ ಸಾಲೂ ಇತ್ತು, ಸಂಕೋಚದಿಂದ, ಮದುವೆಮನೆಯ ಮೂಲೆಯಲ್ಲಿ ನಿಂತ ಬಡ ನೆಂಟನಂತೆ. ಮೊದಲ ಸಲ ಆ ಇರುವೆಸಾಲನ್ನು ಹಿಂಬಾಲಿಸಿದೆ. ಒಂದು ಟಿಪ್ಪಣಿ ಇದೇ ಜಾಲತಾಣದ ಇನ್ನೊಂದು ಲೇಖನಕ್ಕೆ ಕರೆದೊಯ್ದಿತು, ಅದು ಮತ್ತೆ ಇದಕ್ಕೇ ತಂದು ಬಿಟ್ಟಿತು. ಇನ್ನೊಂದು ಮಾತ್ರ ನಿಜಕ್ಕೂ ಸಂಶೋಧಕರು ಬರೆದ ಪುಟಕ್ಕೆ ಹೋಯಿತು. ಅಲ್ಲಿನ ಇಂಗ್ಲಿಷ್ ಒರಟು, ಒಣಕಲು. ನಮ್ಮ ಸಿಸ್ಟರ್ ನೋಡಿದ್ದರೆ ಕೆಂಪು ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದರು. ಆದರೆ ಅದು ಸಾಲುಸಾಲಿಗೂ ತನ್ನನ್ನು ತಾನೇ ತಡೆದುಕೊಳ್ಳುತ್ತಿತ್ತು: ಇಷ್ಟು ಕಂಡೆವು, ಇದು ಕಾಣಲಿಲ್ಲ, ಇದು ನಮಗೆ ತಿಳಿಯದು, ಇಲ್ಲಿ ನಾವು ತಪ್ಪಿರಬಹುದು. ಲಕ್ಷಣವಾದ ಲೇಖನದ ಬುಡದಲ್ಲಿಯೋ, ಅದೇ ಬೀಜದ ಪುಡಿ ಬಾಟಲಿಯಲ್ಲಿ ಮಾರಾಟಕ್ಕಿತ್ತು. ಮೂರು ವಾರದ ಕೆಳಗೆ ನನ್ನ ಹೆಬ್ಬೆರಳು ಅಲ್ಲಿಯವರೆಗೆ ಇಳಿದೇ ಇರಲಿಲ್ಲ.

ಎಷ್ಟು ಜನರ ಕೈ ದಾಟಿ ಬಂದಿತ್ತು ಆ ಸುದ್ದಿ! ಪ್ರಯೋಗ ಮಾಡಿದವರು ಎಲ್ಲ ಅನುಮಾನಗಳನ್ನೂ ಬರೆದರು. ಲೇಖನದವನು ಅರ್ಧವನ್ನು ಆರನೆಯ ಪ್ಯಾರಾಕ್ಕೆ ತಳ್ಳಿದ. ತಲೆಬರಹ ಕೊಟ್ಟವನು ಉಳಿದದ್ದನ್ನು ಕತ್ತರಿಸಿದ. ಕೊನೆಗೆ ಬಡಪಾಯಿ ಇಲಿಗಳಷ್ಟೇ ಉಳಿದಿದ್ದವು. ಅವನ್ನು ಮನೆಯಿಂದ ಆಚೆಗೆ ಓಡಿಸಿದವಳು ನಾನು, ನಿಪ್ಪಟ್ಟಿನ ಮರ್ಯಾದೆಗಾಗಿ. ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರೂ ಒಂದಿಷ್ಟು ಬಿಟ್ಟರು, ಅಷ್ಟೇ.

ಹಾಗೆಂದು ವಿಶಾಲುವನ್ನು ಮೂಢಳೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳು ಯಾಕೆ ನಂಬಿದಳು ಎಂದು ಯೋಚಿಸಿದರೆ ಇನ್ನೊಂದು ಬಿಟ್ಟುಹೋದ ಮಾತು ಎದುರಿಗೆ ಬರುತ್ತದೆ. ಆ ಮಾತ್ರೆ ಶುರುವಾದಾಗಿನಿಂದ ಅವಳ ಕಾಲಿನ ಗಿಣ್ಣು ಸಂಜೆ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ ಎಂದು ನನಗೆ ಎಷ್ಟೋ ಸಲ ಹೇಳಿದ್ದಳು. ಆ ದಿನವೊಂದು ಬಿಟ್ಟರೆ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಮಾತನಾಡುವವಳು ಯಾವತ್ತೂ ನಾನೇ. ಹೊರಗೆ ಕ್ಯೂ, ಅವರಿಗೆ ಅವಸರ. ‘ಶೀ ಈಸ್ ಫೈನ್, ಡಾಕ್ಟರ್’ ಎಂದು ಮುಗಿಸಿ ಎದ್ದು ಬರುತ್ತಿದ್ದೆ. ಊದಿದ ಕಾಲು ಹೇಳುವಂಥ ವಿಷಯವೇ ಎಂದು ನಾನೇ ತೀರ್ಮಾನಿಸಿದ್ದೆ. ತನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ ಕಡೆ, ಒಂದು ಲೇಖನ ಬಂದು ‘ಆ ಮಾತ್ರೆ ಇಲ್ಲದೆಯೂ ಬದುಕಬಹುದು ಕಣಮ್ಮ’ ಎಂದು ಪಿಸುಗುಟ್ಟಿದರೆ ಯಾರು ತಾನೇ ಕಿವಿ ಕೊಡುವುದಿಲ್ಲ? ಸುಳ್ಳು ಸುದ್ದಿಗೆ ತುಂಬಾ ಪುರುಸೊತ್ತಿರುತ್ತದೆ. ಅದು ನಮ್ಮ ಪಕ್ಕದಲ್ಲೇ ಕೂತು ಕಾಲು ಒತ್ತುತ್ತದೆ.

ನಾಲ್ಕು ಗಂಟೆಗೆ ಗೌರಮ್ಮ ಬಂದರು. ವಿಶಾಲು ಎದ್ದು ಬಂದು ಕೂತಳು. ಡಬ್ಬಿಯ ಸೀಲು ಹಾಗೇ ಇತ್ತು. ಕಾಫಿ ಬಗ್ಗಿಸದೆ ನಾನು ಹೇಳಿಬಿಟ್ಟೆ: ಆ ಬೀಜದ ಲೇಖನದಲ್ಲಿ ಇಲಿಗಳಿದ್ದವು, ನಾನು ಬಿಟ್ಟು ಓದಿದೆ. ಆ ಕಷಾಯ ಮನುಷ್ಯರಿಗೆ ಕೆಲಸ ಮಾಡುತ್ತದೆ ಎಂದು ಅಲ್ಲಿ ಯಾರೂ ಹೇಳಿಲ್ಲ, ಹೇಳಿದವಳು ನಾನು.



‘ಏನ್ರೀ ಕಾನ್ವೆಂಟಮ್ಮ,’ ಎಂದರು ಗೌರಮ್ಮ, ‘ಬೆಕ್ಕು ಒಂದು ಇಲಿ ನುಂಗಕ್ಕೆ ಮನೆಯೆಲ್ಲಾ ಓಡಾಡುತ್ತೆ. ನೀವು ಕೂತಲ್ಲೇ ಒಂದು ಹಿಂಡು ನುಂಗಿಬಿಟ್ರಲ್ರೀ!’

ವಿಶಾಲು ನಗಲಿಲ್ಲ. ‘ಅಮ್ಮನಿಗೆ ಪೇಪರ್ ಓದ್ತಿದ್ದಾಗಲೂ ಬಿಡ್ತಿದ್ರಾ?’

‘ಬಿಡ್ತಿದ್ದೆ.’

‘ಅವರಿಗೆ ಗೊತ್ತಿತ್ತು. ನೀವು ಉಸಿರು ನುಂಗಿದ ಕಡೆ ಏನೋ ಇದೆ ಅಂತ ಆಮೇಲೆ ಅಣ್ಣನ್ನ ಕೇಳಿ ತಿಳ್ಕೋತಿದ್ರು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ತಿರಲಿಲ್ಲ.’ ಮತ್ತೆ ಅವಳೇ ಅಂದಳು, ‘ನನಗೇ ಬುದ್ಧಿ ಬೇಕಿತ್ತು. ಮಕ್ಕಳು ಕಸೂತಿ ತಂದು ತೋರಿಸಿದ್ರೆ ನಾನು ಮೊದಲು ತಿರುಗಿಸಿ ಹಿಂದ್ಗಡೆ ನೋಡ್ತಿದ್ದೆ. ಗಂಟು, ಎಳೆ, ಎಲ್ಲಾ ಅಲ್ಲೇ ಗೊತ್ತಾಗೋದು. ನೀವು ಓದಿದ್ದನ್ನ ಮಾತ್ರ ತಿರುಗಿಸಲೇ ಇಲ್ಲ.’

ನಾನು ಕಣ್ಣೊರೆಸಿಕೊಂಡದ್ದನ್ನು ಇಬ್ಬರೂ ನೋಡದವರಂತೆ ಇದ್ದರು. ಅತ್ತೆಯವರು ನನ್ನ ಮೌನವನ್ನು ಓದುತ್ತಿದ್ದರು ಎಂಬುದು ನನಗೆ ಇಷ್ಟು ವರ್ಷದ ಮೇಲೆ ತಿಳಿಯಿತು. ಅಕ್ಷರ ಬಾರದ ಆ ಹೆಂಗಸು ಓದುಗಾರ್ತಿಯಾಗಿ ನನಗಿಂತ ಎಷ್ಟೋ ಮೇಲು.

ವಿಶಾಲು ಡಬ್ಬಿಯನ್ನು ಎಳೆದುಕೊಂಡಳು. ಸೀಲು ಕಿತ್ತಳು. ನನ್ನ ಎದೆ ಹಗುರಾಗುವಷ್ಟರಲ್ಲಿ ಅವಳು ಹೊರತೆಗೆದದ್ದು ಮಾತ್ರೆಯನ್ನಲ್ಲ, ಅದರ ಪಕ್ಕದಲ್ಲಿ ಎಂಟು ಮಡಿಕೆಯಾಗಿ ಕೂತಿದ್ದ ತೆಳ್ಳನೆಯ ಕಾಗದವನ್ನು.

‘ಇದನ್ನ ಓದಿ. ಬಿಡದೆ.’

ಬಿಚ್ಚಿದರೆ ಅದು ಮೇಜಿನ ಅರ್ಧಕ್ಕೆ ಹರಡಿತು. ಅಕ್ಷರ ರಾಗಿಕಾಳಿಗಿಂತ ಸಣ್ಣದು. ಭೂತಗನ್ನಡಿ ತಂದು ಓದತೊಡಗಿದೆ. ಇದು ಯಾತಕ್ಕೆ, ಯಾರಿಗೆ, ಯಾರಿಗೆ ಕೂಡದು. ಆಮೇಲೆ ಅಡ್ಡ ಪರಿಣಾಮಗಳ ಪಟ್ಟಿ ಬಂತು. ತಲೆನೋವು ಬರಬಹುದು. ಸುಸ್ತಾಗಬಹುದು. ಎದೆ ಡವಡವ ಅನ್ನಬಹುದು. ಒಂದೊಂದು ‘ಬಹುದು’ವನ್ನೂ ಒತ್ತಿ ಹೇಳಿದೆ. ಒಂದು ಕಡೆ ತೀರ ಅಪರೂಪಕ್ಕೆ ಆಗುವ, ತೀರ ಭಯಂಕರವಾದ ಒಂದೆರಡು ಸಾಲುಗಳಿದ್ದವು. ಇದನ್ನು ಕೇಳಿದರೆ ಇವಳು ಖಂಡಿತ ಮಾತ್ರೆ ಮುಟ್ಟುವುದಿಲ್ಲ. ಮೂರು ವಾರದ ಹಿಂದೆ ಬಿಡಬಾರದಿತ್ತು ಸರಿ, ಇವತ್ತು ಬಿಟ್ಟರೆ ಅವಳಿಗೆ ಒಳ್ಳೆಯದಲ್ಲವೇ? ಹಳೆಯ ಗುಡ್ ಮ್ಯಾನರ್ಸ್ ನನ್ನ ಗಂಟಲಲ್ಲಿ ಎದ್ದು ಕೂತಿತು.

‘ಅತ್ತಿಗೆ, ನಿಲ್ಲಿಸಿದ್ರಿ.’

ಓದಿದೆ. ಅಪರೂಪಕ್ಕೆ ಎಂಬುದನ್ನೂ ಓದಿದೆ, ಭಯಂಕರವಾದದ್ದನ್ನೂ ಓದಿದೆ. ಗೌರಮ್ಮ ‘ಶಿವ ಶಿವಾ’ ಎಂದರು. ವಿಶಾಲು ತಲೆಯಾಡಿಸಿ ‘ಮುಂದೆ’ ಎಂದಳು. ಮುಂದಿನ ಸಾಲು ಹೀಗಿತ್ತು: ಕಾಲಿನ ಗಿಣ್ಣು ಊದಿಕೊಳ್ಳಬಹುದು.

‘ಏನಂದ್ರಿ?’

ಮತ್ತೆ ಓದಿದೆ.

‘ಹಾಗಂತ ಬರೆದಿದಾರಾ? ಇದನ್ನ ಮಾಡೋರೇ?’

‘ಮಾಡೋರೇ, ಮಾರೋರೇ.’

ಅವಳು ಕುರ್ಚಿ ಹಿಂದಕ್ಕೆ ಸರಿಸಿ ಎರಡೂ ಕಾಲನ್ನು ಮುಂದಕ್ಕೆ ಚಾಚಿದಳು. ಸುಮ್ಮನೆ ಬೈಸಿಕೊಂಡ ಮಕ್ಕಳನ್ನು ನೋಡುವಂತೆ ತನ್ನ ಪಾದಗಳನ್ನು ನೋಡಿದಳು. ‘ನಾನು ಹೇಳಿರಲಿಲ್ವಾ?’ ಎಂದಳು, ನನಗಲ್ಲ, ಅವಕ್ಕೆ.

‘ನಮ್ಮ ಮಾವ ಗಿರಾಕಿಗಳಿಗೆ ಹೇಳೋರು,’ ಎಂದರು ಗೌರಮ್ಮ, ‘ಇದು ಗಾಜು ತಾಯಿ, ಏಟು ಬಿದ್ರೆ ಒಡೆಯುತ್ತೆ ಅಂತ. ಎದುರಂಗಡಿಯೋನು ಒಡೆಯೋದೇ ಇಲ್ಲ ಅಂತ ಮಾರೋನು. ಜನ ಎಲ್ಲಾ ಮೊದ್ಲು ಅಲ್ಲಿಗೇ ನುಗ್ಗೋರು.’

‘ಆಮೇಲೆ?’

‘ಆಮೇಲೇನು, ಬೋಳು ಕೈ ಹೊತ್ಕೊಂಡು ನಮ್ಮಲ್ಲಿಗೆ ಬರೋರು.’

ಒಂದು ಬರಹ ನಂಬಿಕೆಗೆ ಅರ್ಹವೋ ಎಂದು ತಿಳಿಯಲು ನನಗೆ ಈಗಲೂ ಪಕ್ಕಾ ದಾರಿ ಗೊತ್ತಿಲ್ಲ. ಔಷಧಿ ಡಬ್ಬಿಯೊಳಗಿನ ಕಾಗದದಲ್ಲಿ ಇರುವುದೆಲ್ಲ ಸತ್ಯ, ಮೊಬೈಲಿನಲ್ಲಿ ಬರುವುದೆಲ್ಲ ಮಿಥ್ಯ ಎನ್ನುವಷ್ಟು ಸರಳವಾಗಿದ್ದರೆ ನಾವು ಮೂವರು ಮುದುಕಿಯರು ಬೇರೆ ಏನಾದರೂ ಓದಿಕೊಂಡು ಹಾಯಾಗಿರಬಹುದಿತ್ತು. ಯಾರ ಮೇಲೆ ಪ್ರಯೋಗ ಮಾಡಿದರು, ಬುಡದಲ್ಲಿ ಏನು ಮಾರುತ್ತಿದ್ದಾರೆ, ಟಿಪ್ಪಣಿ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದನ್ನು ತಡವಾಗಿ ಕಲಿತಿದ್ದೇನೆ. ಅದಕ್ಕಿಂತ ಮೊದಲು, ತನಗೆ ಗೊತ್ತಿಲ್ಲದ್ದನ್ನು, ತನ್ನಿಂದ ಆಗಬಹುದಾದ ಕೆಡುಕನ್ನು ತಾನೇ ಹೇಳಿಕೊಳ್ಳುತ್ತದೆಯೇ ಎಂದು ನೋಡುತ್ತೇನೆ. ಬರಹದಲ್ಲೂ ನೋಡುತ್ತೇನೆ, ಓದುವವಳಲ್ಲೂ.

ಕಾಗದ ಮುಗಿಯಿತು. ವಿಶಾಲು ಅಂಗೈ ಚಾಚಿದಳು.

‘ಎಲ್ಲಾ ಹೇಳಿದ್ರಲ್ಲ. ಇನ್ನು ಕೊಡಿ.’

ಮಾತ್ರೆಯನ್ನು ಒತ್ತಿ ತೆಗೆದು ಅವಳ ಅಂಗೈಯಲ್ಲಿಟ್ಟೆ. ಬಾಯಿಗೆ ಹಾಕಿಕೊಂಡು, ತಲೆ ಮೇಲೆತ್ತಿ, ಒಂದು ಲೋಟ ನೀರನ್ನೂ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡಳು.

‘ಡಾಕ್ಟರಿಗೆ ಫೋನ್ ಮಾಡಿ ನನ್ನ ಕೈಗೆ ಕೊಡಿ ಅತ್ತಿಗೆ. ಮಾತ್ರೆ ಬಿಟ್ಟಿದ್ದು ಯಾಕೆ ಅಂತಾನೂ ಹೇಳ್ತೀನಿ, ಕಾಲಿನ ವಿಷಯಾನೂ ಹೇಳ್ತೀನಿ. ನೀವು ಹೇಳಿದ್ರೆ ಅರ್ಧ ಬಿಟ್ಟುಬಿಡ್ತೀರಿ.’